ದವಡೆಗೆ ತಂತಿ ಬಿಗಿದ ಮೇಲೆ

ಜೂನ್ 9

ಮಧ್ಯಾಹ್ನ ಲಿಂಗಸಾಮಿ ಅಯ್ಯ ಆಸ್ಪತ್ರೆಯ ಗೇಟಿನ ಹೊರಗೆ ಬೇವಿನ ಮರದ ಕೆಳಗೆ ನಿಂತು ಸಹಿ ಸಂಗ್ರಹಿಸುತ್ತಿದ್ದರು. ಮಿಲ್ ಕಾರ್ಮಿಕರ ಸಂಘದವರು, ವಯಸ್ಸಾಗಿದೆ, ದನಿ ಮಾತ್ರ ಇನ್ನೂ ಗಟ್ಟಿ. ಅವರ ಬೇಡಿಕೆ ಇಷ್ಟೇ: ಪ್ರಾಣ ಹೋಗುವ ಸ್ಥಿತಿಯಲ್ಲಿ ಬಂದವರಿಗೆ ಖಾಸಗಿ ಆಸ್ಪತ್ರೆಯೂ ಮೊದಲು ಚಿಕಿತ್ಸೆ ಕೊಡಬೇಕು. ಕಾರ್ಡು, ವಿಮೆ, ಹಣದ ಮಾತು ಆಮೇಲೆ. ಹಾಗೆಂದು ಕಾನೂನು ಬರಬೇಕು. ನಾನು ಸಹಿ ಹಾಕಿದೆ. ನನ್ನ ಎದೆಯ ಮೇಲಿನ ಬ್ಯಾಡ್ಜ್ ನೋಡಿ ಅವರು, "ನೀವೇ ಹಾಕ್ತೀರಾಮ್ಮಾ?" ಎಂದು ಬೆರಗಾದರು.

ಯಾಕೆ ಹಾಕಬಾರದು? ಇನ್ಶೂರೆನ್ಸ್ ಕೌಂಟರಿನಲ್ಲಿ ದಿನವೆಲ್ಲ ಕೂರುವವಳು ನಾನು. ಇಲ್ಲಿಯ ಜನ ಸರ್ಕಾರದ ವಿಮೆ ಕಾರ್ಡನ್ನು ಕಾಪ್ಪೀಡು ಕಾರ್ಡ್ ಅನ್ನುತ್ತಾರೆ. ಅದನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ, ಸೆರಗಿನಲ್ಲಿ ಗಂಟು ಹಾಕಿ ತರುತ್ತಾರೆ. ಕಾರ್ಡು ತೋರಿಸಿದರೆ ಬಾಗಿಲು ತೆರೆಯುತ್ತದೆ ಎಂದು ನಂಬಿರುತ್ತಾರೆ. ತೆರೆಯದಿದ್ದಾಗ ಅವರ ಮುಖ ನೋಡುವುದು ನನ್ನ ಕೆಲಸ. ಇವತ್ತೇ ಒಬ್ಬ ಪಂಪ್ ವರ್ಕ್‌ಶಾಪ್ ಮಾಲೀಕರು, "ಕಂಡವರ ಕಿಡ್ನಿಗೆಲ್ಲ ನಾನು ತೆರಿಗೆ ಕಟ್ಟಬೇಕಾ?" ಎಂದು ಕೂಗಾಡಿದರು. ಅವರ ಹಿಂದೆಯೇ ಸಾಲಿನಲ್ಲಿದ್ದ ಹೆಂಗಸು, "ನಿಮ್ಮ ಕಿಡ್ನಿ ಕೆಟ್ಟಾಗ ಹೇಳಿ ಸಾರ್" ಎಂದಳು. ಸಾಲಿನವರೆಲ್ಲ ನಕ್ಕರು.

ಮನೆಯಲ್ಲಿ ನನ್ನ ಗಂಡ ಜೀವನ್‌ಗೆ ಹೇಳಿದೆ. "ಅಲ್ಲ ಕಣೇ, ಆಸ್ಪತ್ರೆ ಸಂಬಳ ತಿಂದು ಆಸ್ಪತ್ರೆ ಮೇಲೇ ಸಹಿ ಹಾಕ್ತೀಯಲ್ಲ? ಇದು ಹಾಸನ ಅಲ್ಲ, ತಮಿಳುನಾಡು. ನಾವಿಲ್ಲಿ ಬಂದು ಎರಡು ವರ್ಷ ಆಗಿಲ್ಲ" ಎಂದ. ಅವನು ಪಂಪ್ ಕಾರ್ಖಾನೆಯ ಎಂಜಿನಿಯರ್, ಯಾವುದಕ್ಕೂ ಮೊದಲು ಒತ್ತಡ ಎಷ್ಟು ಎಂದು ನೋಡುವವನು. "ಮೊದಲು ಜೀವ, ಆಮೇಲೆ ಮಿಕ್ಕಿದ್ದು" ಎಂದೆ. ಮುನಿಸಿಕೊಂಡು ಟಿವಿ ಹಾಕಿದ. ಅಲ್ಲೂ ಅದೇ ಚರ್ಚೆ ನಡೆಯುತ್ತಿತ್ತು.

ಜೂನ್ 17

ಊಟದ ಬಿಡುವಿನಲ್ಲಿ ಬರೆಯುತ್ತಿದ್ದೇನೆ. ಬೆಳಿಗ್ಗೆ ಅನ್ನೂರಿನಿಂದ ಜಯಪ್ರಿಯಾ ಎಂಬ ಹುಡುಗಿಯನ್ನು ಕರೆತಂದರು. ಅಲ್ಲಿಯ ಸಣ್ಣ ನೂಲಿನ ಮಿಲ್ಲಿನಲ್ಲಿ ಕೆಲಸ. ಹೊಟ್ಟೆ ಹಲಗೆಯ ಹಾಗೆ ಗಟ್ಟಿಯಾಗಿದೆ, ಜ್ವರ ಸುಡುತ್ತಿದೆ. ಅಪೆಂಡಿಕ್ಸ್ ಒಳಗೇ ಒಡೆದಿದೆ, ಕೂಡಲೇ ಆಪರೇಷನ್ ಮಾಡಬೇಕು ಎಂದರು ಡ್ಯೂಟಿ ಡಾಕ್ಟರ್. ಆದರೆ ವಿಮೆಯ ಅಪ್ರೂವಲ್ ಬಾರದೆ, ಅಡ್ವಾನ್ಸ್ ಕಟ್ಟದೆ ಥಿಯೇಟರಿಗೆ ತೆಗೆದುಕೊಳ್ಳಬಾರದು ಎಂಬುದು ನಮ್ಮ ಎಂ.ಡಿ. ಡಾಕ್ಟರ್ ದಿವಾಕರ್ ಅವರ ಕಟ್ಟಪ್ಪಣೆ.

ಕಾರ್ಡಿನಲ್ಲಿ ತಾಯಿ ಚಿನ್ನತಾಯಿ ಮತ್ತು ಅಣ್ಣ ಸೆಂದಿಲ್ ಹೆಸರಿದೆ, ಹುಡುಗಿಯ ಹೆಸರಿಲ್ಲ. ಮದುವೆ ಗೊತ್ತಾಗಿತ್ತಂತೆ, ಗಂಡನ ಮನೆಯ ರೇಷನ್ ಕಾರ್ಡಿಗೆ ಸೇರಿಸಲೆಂದು ಇಲ್ಲಿಂದ ತೆಗೆಸಿದರಂತೆ. ಮದುವೆ ಮುರಿದುಬಿತ್ತು. ಹೆಸರು ಎಲ್ಲೂ ಸೇರಲಿಲ್ಲ.

ನಾನು ಫೋನಿನಲ್ಲಿ ಕನ್ನಡ ಮಾತಾಡಿದ್ದು ಕೇಳಿಸಿಕೊಂಡು ಸೆಂದಿಲ್ ಹತ್ತಿರ ಬಂದ. "ಅಕ್ಕಾ, ನೀವು ಕನ್ನಡದೋರಾ? ನಾವೂ ಮನೇಲಿ ಕನ್ನಡನೇ. ಓದಕ್ಕೆ ಬರಾದಿಲ್ಲ, ಪೇಸ್ತೀವಿ ಅಷ್ಟೇ." ಅವನ ತಾಯಿ ನನ್ನ ಕೈ ಹಿಡಿದುಕೊಂಡು ಕಣ್ಣಿಗೊತ್ತಿಕೊಂಡಳು. "ಅಮ್ಮಣಿ, ನಮ್ಮ ಮಾತು ಆಡ್ತೀಯೆ. ನೀನೇ ಪಾತ್ಕೋ ಕಣ್ಣೂ." ನೀನೇ ನೋಡಿಕೋ ಎಂದು.

ಸ್ವಲ್ಪ ಹೊತ್ತಿನ ಹಿಂದೆ ಸೆಂದಿಲ್ ಮತ್ತೆ ಬಂದು, "ಅಕ್ಕಾ, ಕೋವೈ ದೊಡ್ಡಾಸ್ಪತ್ರಿಗೆ ತಕ್ಕೊಂಡು ಹೋಗ್ಬುಡ್ಲಾ?" ಎಂದು ಕೇಳಿದ. ಕೊಯಮತ್ತೂರಿನ ಸರ್ಕಾರಿ ಆಸ್ಪತ್ರೆಗೆ ಆ ಟ್ರಾಫಿಕ್ಕಿನಲ್ಲಿ ಅಷ್ಟು ದೂರ ಬೇಡ, ಇಲ್ಲೇ ಇರಿ, ನಾನು ಮೇಲಿನವರ ಹತ್ತಿರ ಮಾತಾಡಿದ್ದೇನೆ, ಅಪ್ರೂವಲ್ ಬಂದೇ ಬರುತ್ತದೆ ಎಂದೆ. ಬರುತ್ತದೆ. ಇಂಥವನ್ನು ಎಷ್ಟೋ ಬಿಡಿಸಿದ್ದೇನೆ.

ಸಂಜೆ ಬರೆಯುತ್ತೇನೆ.

ಜೂನ್ 26

ಇವತ್ತು ಕೂತು ಬರೆಯಲು ಆಗುತ್ತಿದೆ. ದವಡೆ ಎರಡು ಕಡೆ ಮುರಿದಿದೆ. ಮೇಲಿನ ಕೆಳಗಿನ ಹಲ್ಲುಗಳನ್ನು ತಂತಿಯಿಂದ ಬಿಗಿದಿದ್ದಾರೆ. ಎಡಗಡೆಯ ಮೂರು ಹಲ್ಲಿಲ್ಲ. ಮರೆಯುವ ಮೊದಲು ಎಲ್ಲ ಬರೆದಿಡಬೇಕು.

ಹದಿನೇಳರ ಸಂಜೆಗೆ ವಿಮೆಯವರ ಉತ್ತರ ಬಂತು: ಕುಟುಂಬದಲ್ಲಿ ಹೆಸರಿಲ್ಲ, ನಿರಾಕರಿಸಲಾಗಿದೆ. ನಾನು ಡಾಕ್ಟರ್ ದಿವಾಕರ್‌ಗೆ ಫೋನ್ ಮಾಡುತ್ತಲೇ ಇದ್ದೆ, ಎತ್ತಲಿಲ್ಲ. ಅಷ್ಟರಲ್ಲಿ ಕಾರಿಡಾರಿನ ಸ್ಟ್ರೆಚರ್ ಮೇಲೆ ಹುಡುಗಿಯ ತುಟಿ ನೀಲಿಯಾಗಿತ್ತು. ಡ್ಯೂಟಿ ಡಾಕ್ಟರ್ ಓಡಿಬಂದು ಎದೆ ಒತ್ತತೊಡಗಿದರು. ಬಹಳ ಹೊತ್ತು ಒತ್ತಿದರು. ಆಮೇಲೆ ಕೈ ತೆಗೆದರು. ಚಿನ್ನತಾಯಿ ಕೂಗಲಿಲ್ಲ, ನೆಲಕ್ಕೆ ಹಣೆ ಚಚ್ಚಿಕೊಂಡಳು. ಟೈಲ್ಸಿನ ಮೇಲೆ ರಕ್ತ ಬಿತ್ತು.

ಸೆಂದಿಲ್ ಕೌಂಟರಿಗೆ ಬಂದ. ಎರಡೂ ಅಂಗೈಗಳನ್ನು ಮೇಜಿನ ಮೇಲೆ ಊರಿ ನಿಂತ. ಬೈಯಲಿಲ್ಲ. "ಅಕ್ಕಾ, ನೀವು ಇರಿ ಅಂದ್ರಿ. ಇದ್ದೊ" ಎಂದ.

ನಾನು ಏನೋ ಹೇಳಲು ಬಾಯಿ ತೆರೆದೆ. ಹೊರಗೆ ಮಿಲ್ಲಿನ ವ್ಯಾನ್ ಬಂದು ನಿಂತಿತು. ಅವಳ ಜೊತೆ ಕೆಲಸ ಮಾಡುವವರು, ಹಾದಿಯಲ್ಲಿ ಸೇರಿಕೊಂಡವರು, ಎದುರಿನ ಟೀ ಅಂಗಡಿಯವರು, ಎಲ್ಲರೂ ಒಟ್ಟಿಗೆ ನುಗ್ಗಿದರು. ಮೊದಲ ಕಲ್ಲು ಗಾಜಿನ ಬಾಗಿಲನ್ನು ಒಡೆಯಿತು. ಯಾರೋ ಗೋಡೆಯ ಮೇಲಿನ ಕ್ಯಾಮೆರಾ ಕಿತ್ತು ಅದರ ತಂತಿಯನ್ನೇ ಚಾಟಿಯಂತೆ ಬೀಸಿದರು. ಫಾರ್ಮಸಿಯ ಬಾಟಲಿಗಳು ಸಾಲುಸಾಲಾಗಿ ಉರುಳಿದವು. ಸೆಕ್ಯುರಿಟಿ ಅಜ್ಜನ ತಲೆಯನ್ನು ನೀರಿನ ಡ್ರಮ್ಮಿಗೆ ಗುದ್ದಿದರು. ಡಾಕ್ಟರುಗಳು ಥಿಯೇಟರಿನ ಒಳಗಿನಿಂದ ಚಿಲಕ ಹಾಕಿಕೊಂಡರು. ಕೌಂಟರಿನಲ್ಲಿ ಉಳಿದವಳು ನಾನೊಬ್ಬಳೇ.

ಹಳದಿ ಅಂಗಿಯವನೊಬ್ಬ ಡ್ರಿಪ್ ಸ್ಟ್ಯಾಂಡ್ ಹಿಡಿದು ಕೌಂಟರ್ ಹಾರಿ ಬಂದ. ಅವನನ್ನು ನಾನು ಅದಕ್ಕೆ ಮೊದಲು ನೋಡೇ ಇಲ್ಲ. ಮೊದಲ ಏಟು ದವಡೆಗೆ ಬಿತ್ತು. ಒಣ ಕಟ್ಟಿಗೆ ಮುರಿದ ಸದ್ದು ನನ್ನ ತಲೆಯೊಳಗಿನಿಂದಲೇ ಬಂತು. ಬಾಯಿ ತುಂಬ ಹಲ್ಲಿನ ಚೂರು. ಎರಡನೇ ಏಟು ಭುಜಕ್ಕೆ. ಮೂರನೆಯದಕ್ಕೆ ಎತ್ತಿದಾಗ ಸೆಂದಿಲ್ ಮೇಜು ಹತ್ತಿ ನನ್ನ ಮೇಲೆ ಬಿದ್ದ. ನನ್ನನ್ನು ಮುಚ್ಚಿಕೊಂಡು, ಬೆನ್ನನ್ನು ಅವರ ಕಡೆ ಮಾಡಿ ಮಂಡಿಯೂರಿದ. "ವೇಂಡಾ, ಬೇಡ, ಹೆಂಗ್ಸು ಕಣ್ರೋ" ಎಂದು ಕಿರುಚಿದ. ಮೂರನೇ ಏಟು ಅವನ ಬೆನ್ನಿಗೆ ಬಿದ್ದಾಗ ಅವನ ಉಸಿರು ನನ್ನ ಕಿವಿಯ ಹತ್ತಿರ ನಿಂತುಹೋಯಿತು. ಆಮೇಲೆ ನನ್ನ ತೋಳು ಹಿಡಿದು ಮೇಜಿನ ಕೆಳಗೆ ಎಳೆದ. "ತಲೆ ಎತ್ಬೇಡಿ ಅಕ್ಕಾ."

ಅವನ ತಂಗಿ ಅಲ್ಲೇ, ಸ್ಟ್ರೆಚರ್ ಮೇಲೆ ಇದ್ದಳು. ಮುಖದ ಮೇಲೆ ಗಾಜಿನ ಚೂರು ಬಿದ್ದಿದ್ದವು.

ನಾನು ಅವರಿಗೆ ಹೋಗಿ ಅಂದಿದ್ದರೆ ಅವಳು ಉಳಿಯುತ್ತಿದ್ದಳೋ ಏನೋ.

ಜೂನ್ 28

ಜೀವನ್‌ಗೆ ಮೊಬೈಲಿನಲ್ಲಿ ಟೈಪ್ ಮಾಡಿ ಎಲ್ಲ ತಿಳಿಸಿದೆ. ಓದಿ ಅತ್ತ. ಸೆಂದಿಲ್‌ನನ್ನೇ ಹಿಡಿದಿದ್ದಾರಂತೆ, ಹೆಸರು ವಿಳಾಸ ಗೊತ್ತಿದ್ದದ್ದು ಅವನದೊಂದೇ. ತಂಗಿಗೆ ಬೆಂಕಿ ಇಡಲೂ ಬಿಡಲಿಲ್ಲವಂತೆ. ಹಳದಿ ಅಂಗಿಯವನು ಯಾರೆಂದು ಯಾರಿಗೂ ತಿಳಿಯದು. ಪೊಲೀಸರು ಬಂದಾಗ ಹೇಳಬೇಕು.

ಸ್ಟ್ರಾದಲ್ಲಿ ಗಂಜಿ. ನುಂಗುವಾಗ ಕಣ್ಣಲ್ಲಿ ನೀರು ಬರುತ್ತದೆ.

ಜುಲೈ 2

ಡಾಕ್ಟರ್ ದಿವಾಕರ್ ಹೂಗುಚ್ಛ ಹಿಡಿದು ಬಂದರು. ಚಿಕಿತ್ಸೆಯ ಖರ್ಚೆಲ್ಲ ಆಸ್ಪತ್ರೆಯದು, ಸಂಬಳವೂ ನಿಲ್ಲುವುದಿಲ್ಲ ಎಂದರು. "ನೀನು ನಮ್ಮ ಮಗಳಿದ್ದ ಹಾಗಮ್ಮಾ." ಒಳ್ಳೆಯವರು. ಆ ದಿನ ಫೋನ್ ಎತ್ತದಿದ್ದುದಕ್ಕೆ ಏನೋ ಕಾರಣ ಇದ್ದೀತು.

ಜೊತೆಗೆ ಎಸ್.ಐ. ಸೆಲ್ವಕುಮಾರ್ ಇದ್ದರು. ನನಗೆ ಮಾತಾಡಲಾಗದು, ಆದ್ದರಿಂದ ಅವರು ಕೇಳುವುದು, ನಾನು ತಲೆಯಾಡಿಸುವುದು ಎಂದಾಯಿತು.

"ಸೆಂದಿಲ್ ಕೌಂಟರ್ ಹತ್ತಿ ಬಂದನಾ?"

ಹೌದು.

"ನಿಮ್ಮ ಮೇಲೆ ಬಿದ್ದನಾ? ತೋಳು ಹಿಡಿದು ಎಳೆದನಾ?"

ಹೌದು, ಹೌದು. ತೋಳಿನ ಮೇಲೆ ಅವನ ಬೆರಳಿನ ಗುರುತು ಇನ್ನೂ ಕಪ್ಪಗಿದೆ. ಅದರ ಫೋಟೋ ತೆಗೆದುಕೊಂಡರು.

"ಹೊಡೆದವನೂ ಅವನೇ ತಾನೇ?"

ನಾನು ಕೈ ಎತ್ತಿದೆ. ಮೊಬೈಲ್ ಕೇಳಿದೆ. ಡಾಕ್ಟರ್ ದಿವಾಕರ್ ನನ್ನ ಕೈಯನ್ನು ಹಿಡಿದು ಹಾಸಿಗೆಯ ಮೇಲಿಟ್ಟರು. "ಸುಸ್ತಾಗಿದೆ ಪಾಪ. ನೋಡಮ್ಮ, ಗುಂಪನ್ನು ಕರೆಸಿದವನು ಅವನು. ಕ್ಯಾಮೆರಾ ಇಲ್ಲ. ಇವನೂ ಕೈತಪ್ಪಿದರೆ ನಾಳೆ ಇನ್ನೊಬ್ಬ ಹುಡುಗಿಗೆ ಇದೇ ಗತಿ. ಆಗ ಆ ಕೌಂಟರಿನಲ್ಲಿ ಯಾರು ಕೂರುತ್ತಾರೆ?"

ಅದೂ ನಿಜ. ಎಸ್.ಐ. ಬರೆದುಕೊಂಡ ಹೇಳಿಕೆಗೆ ಸಹಿ ಮಾಡಿದೆ. ಬೇಕಾದರೆ ಆಮೇಲೆ ಸರಿಪಡಿಸಬಹುದು.

ಜುಲೈ 11

ಮನೆಗೆ ಬಂದಿದ್ದೇನೆ. ಕೆಳಗಿನ ಮನೆಯಲ್ಲಿ ಪಾತ್ರೆ ಬಿದ್ದರೆ ಮೈಯೆಲ್ಲ ಬೆವರುತ್ತದೆ. ಮೂರು ಸಲ ಚಿಲಕ ನೋಡುತ್ತೇನೆ. ಕನ್ನಡಿಯಲ್ಲಿರುವವಳು ಬೇರೆ ಯಾರೋ.

ಕಣ್ಣು ಮುಚ್ಚಿದರೆ ಮೈಮೇಲೆ ಆ ಭಾರ. ಆ ಬೆವರಿನ ವಾಸನೆ. ಹಳದಿ ಅಂಗಿಯವನ ಮುಖ ನೆನಪಾಗುವುದೇ ಇಲ್ಲ, ಸೆಂದಿಲ್ ಮುಖ ಮಾತ್ರ ಬರುತ್ತದೆ, ಇಷ್ಟು ಹತ್ತಿರ. ಹಳದಿ ಅಂಗಿ ಇತ್ತೋ, ಅದೂ ನನ್ನ ಭ್ರಮೆಯೋ.

ಆಸ್ಪತ್ರೆಯವರು ಕುಮರೇಶನ್ ಎಂಬ ಬೌನ್ಸರನ್ನು ಹಗಲೆಲ್ಲ ನಮ್ಮ ಗೇಟಿಗೆ ಹಾಕಿದ್ದಾರೆ. ಬಾಗಿಲಷ್ಟು ಅಗಲದ ಆಳು. ಅವನ ಬೂಟಿನ ಸದ್ದು ಕೇಳುತ್ತಿದ್ದರೆ ಎದೆ ತಣ್ಣಗಿರುತ್ತದೆ.

ಜುಲೈ 29

ತಂತಿ ಬಿಚ್ಚಿದರು. ಬಾಯಿ ಎರಡು ಬೆರಳಿನಷ್ಟು ತೆರೆಯುತ್ತದೆ.

ವಾಪಸು ಬರುವಾಗ ಕೌಂಟರಿನ ಹತ್ತಿರ ನಿಂತೆ. ಈಗ ಕಬ್ಬಿಣದ ಗ್ರಿಲ್ ಹಾಕಿದ್ದಾರೆ. ಕಾಂಗೇಯಂನ ಎಣ್ಣೆ ಮಿಲ್ಲಿನವನೊಬ್ಬ ಗ್ರಿಲ್ ಹಿಡಿದು ಅಲುಗಾಡಿಸುತ್ತಿದ್ದ. ಅಪ್ಪನಿಗೆ ಹೃದಯಾಘಾತ, ಅಪ್ರೂವಲ್ ಬಂದಿಲ್ಲ, "ಒಳಗೆ ತಗೊಳ್ಳಿ, ನನ್ನ ಗಾಡಿ ಇಟ್ಕೊಳ್ಳಿ" ಎಂದು ಕೂಗುತ್ತಿದ್ದ. ನನ್ನ ಜೊತೆ ಬಂದಿದ್ದ ಕುಮರೇಶನ್ ಹಿಂದಿನಿಂದ ಹೋಗಿ ಅವನ ಕೂದಲು ಹಿಡಿದು ಮುಖವನ್ನು ಗ್ರಿಲ್ಲಿಗೆ ಗುದ್ದಿದ. ಇನ್ನೊಂದು ಸಲ ಗುದ್ದಿದ. ಮೂಗು ಒಂದು ಕಡೆ ವಾಲಿತು. ಕೆಳಗೆ ಬಿದ್ದವನ ಪಕ್ಕೆಗೆ ಬೂಟಿನಿಂದ ಒದ್ದು, ಕಾಲು ಹಿಡಿದು ಎಳೆದುಕೊಂಡು ಹೋದ. ಆಯಾ ಬಂದು ನೆಲ ಒರೆಸಿದಳು. ಗಾಲಿಕುರ್ಚಿಯಲ್ಲಿದ್ದ ಮುದುಕ ಮಗನ ಹಿಂದೆಯೇ ಕೈ ಚಾಚುತ್ತಿದ್ದ.

ನಾನು ಕೊನೆಯವರೆಗೂ ನಿಂತು ನೋಡಿದೆ. ಮನೆಗೆ ಬಂದು ಮಧ್ಯಾಹ್ನವೇ ಮಲಗಿದೆ. ಎಷ್ಟು ದಿನದ ಮೇಲೆ ಎಂಥ ನಿದ್ದೆ.

ಆಗಸ್ಟ್ 8

ಕೊಯಮತ್ತೂರಿನ ಕಲ್ಯಾಣ ಮಂಟಪದಲ್ಲಿ ಸಭೆ. ಎಲ್ಲರಿಗೂ ಚಿಕಿತ್ಸೆ, ಮೊದಲು ಚಿಕಿತ್ಸೆ ಎಂಬ ಕಾನೂನಿನ ಬಗ್ಗೆ ಜನಾಭಿಪ್ರಾಯ ಕೇಳುವ ಸಭೆ. ಆಸ್ಪತ್ರೆ ಮಾಲೀಕರು, ಕಾರ್ಮಿಕ ಸಂಘದವರು, ಪತ್ರಿಕೆಯವರು, ಸಾಮಾನ್ಯ ಜನ, ಎಲ್ಲರೂ ಇದ್ದರು. ಬಾಡಿಗೆ ಆಟೋದವನೊಬ್ಬ, "ರಸ್ತೆ ಎಲ್ಲರಿಗೂ ಇದೆ, ಆಸ್ಪತ್ರೆ ಯಾಕಿಲ್ಲ?" ಎಂದ. ಒಬ್ಬ ಡಾಕ್ಟರ್, ಸರ್ಕಾರ ವರ್ಷಗಟ್ಟಲೆ ಹಣ ಕೊಡದೆ ಸತಾಯಿಸಿದರೆ ನರ್ಸುಗಳಿಗೆ ಸಂಬಳ ಎಲ್ಲಿಂದ ತರಲಿ ಎಂದರು. ಎರಡಕ್ಕೂ ಚಪ್ಪಾಳೆ ಬಿತ್ತು. ಆಮೇಲೆ ಡಾಕ್ಟರ್ ದಿವಾಕರ್ ನನ್ನನ್ನು ವೇದಿಕೆಗೆ ಕರೆದರು.

ಮೈಕಿನ ಮುಂದೆ ನಿಂತೆ. ನನ್ನ ಮುಖ ನೋಡಿ ಮುಂದಿನ ಸಾಲಿನ ಹೆಂಗಸರು ಸೆರಗು ಬಾಯಿಗೆ ಒತ್ತಿಕೊಂಡರು. ಆಗ ಧೈರ್ಯ ಬಂತು. ಅಪ್ರೂವಲ್‌ಗಾಗಿ ದಿನವಿಡೀ ಆ ಕುಟುಂಬಕ್ಕೆ ಸಹಾಯ ಮಾಡಿದ್ದು ಹೇಳಿದೆ. ಅಣ್ಣನೆಂಬವನು ಮೇಜು ಹಾರಿ ನನ್ನನ್ನು ಕೆಳಗೆ ಕೆಡವಿ, ಮೇಲೆ ಕೂತು ಹೊಡೆದದ್ದು ಹೇಳಿದೆ. "ಎಲ್ಲ ಪುಕ್ಕಟೆ ಅಂತ ಕಾನೂನು ಮಾಡಿ. ಆಮೇಲೆ ಇಲ್ಲ ಅನ್ನಬೇಕಾದವರು ಕೌಂಟರಿನಲ್ಲಿ ಕೂತ ನಾವು. ಅವರು ಕೊಲ್ಲುವುದೂ ನಮ್ಮನ್ನೇ" ಎಂದೆ. ಮಂಟಪವೆಲ್ಲ ಎದ್ದು ನಿಂತು ಚಪ್ಪಾಳೆ ತಟ್ಟಿತು. ಆಟೋದವನೂ ತಟ್ಟಿದ.

ಲಿಂಗಸಾಮಿ ಎದ್ದರು. "ಅಮ್ಮಾ, ನಿಮಗಾದದ್ದು ಘೋರ. ಆದರೆ ಆ ಹುಡುಗಿಯನ್ನು ಬೆಳಿಗ್ಗೆಯೇ ಒಳಗೆ ತಗೊಂಡಿದ್ರೆ? ನೀವೇ ತಾನೇ ನಮಗೆ ಸಹಿ..." ಮುಂದೆ ಕೇಳಿಸಲಿಲ್ಲ. ಹಿಂದಿನಿಂದ ಯಾರೋ ಕುರ್ಚಿ ಬೀಸಿದರು. ಮುದುಕರ ಕಿವಿ ಹರಿದು ಬಿಳಿ ಅಂಗಿ ಕೆಂಪಾಯಿತು. ಅವರನ್ನು ಮೆಟ್ಟಿಲಿನಿಂದ ಕೆಳಗೆ ತಳ್ಳಿದರು. ಕುಮರೇಶನ್ ಅಲ್ಲ, ಸಾಮಾನ್ಯ ಜನವೇ. ನನ್ನ ಪರವಾಗಿ ತಳ್ಳಿದರು.

ಅವರು ಹಾಗೆ ಕೇಳಬಾರದಿತ್ತು. ಆಮೇಲೆ ಕೊಟ್ಟ ಕಾಫಿ ಬಹಳ ಚೆನ್ನಾಗಿತ್ತು.

ಆಗಸ್ಟ್ 16

ಭಾನುವಾರ. ಕುಮರೇಶನ್‌ಗೆ ರಜೆ. ಬಾಗಿಲು ತಟ್ಟಿದ ಸದ್ದಿಗೆ ಸರಪಳಿ ಹಾಕಿಯೇ ತೆರೆದೆ. ಚಿನ್ನತಾಯಿ. ಹಣೆಯ ಗಾಯ ಕಪ್ಪಗೆ ಒಣಗಿದೆ. ಒಬ್ಬಳೇ ಅನ್ನೂರಿನಿಂದ ಬಸ್ಸಿನಲ್ಲಿ ಬಂದಿದ್ದಳು.

"ಅಮ್ಮಣಿ, ಬೈಯಕ್ಕೆ ಬರ್ಲಿಲ್ಲ. ಒಂದೇ ಕೇಳ್ತೀನಿ. ಸೆಂದಿಲ್ ನಿನ್ನ ಹೊಡೆದ್ನಾ? ಜೈಲಲ್ಲಿ ಕೇಳ್ದೆ, ಇಲ್ಲಮ್ಮಾ, ಅಕ್ಕ ಸೊಲ್ತಾರೆ, ನಿಜ ಹೇಳ್ತಾರೆ, ಅವ್ರು ಸುಮ್ಮನಿರೋರಲ್ಲ ಅಂದ. ಅವ್ನ ಬೆನ್ನೆಲುಬು ಮುರಿದಂಗೆ ಬೇಯ್ತಾ ಇದೆ, ಮಲಗಕ್ಕಾಗಲ್ಲ. ನೀ ಹೇಳು ಕಣ್ಣೂ. ಒಂದ್ ಮಾತು ಹೇಳು."

"ಹೋಗಿ" ಎಂದೆ.

ಅವಳು ಸಂದಿನಲ್ಲಿ ಕೈ ಇಟ್ಟಳು. "ಎನ್ನ ಮಗ್ಳು ಹೋದ್ಳು. ಇವ್ನೂ ಹೋದ್ರೆ..."

ಬಾಗಿಲು ತಳ್ಳಿದೆ. ಮುಚ್ಚಲಿಲ್ಲ. ಬೆರಳು ಇದ್ದದ್ದು ನನಗೆ ಗೊತ್ತಿರಲಿಲ್ಲ. ಅವಳು ಕಿರುಚಿದ ಮೇಲೆ ಗೊತ್ತಾಯಿತು. ಆ ಕಿರುಚಾಟ ನಿಲ್ಲಲಿ ಎಂದು ಭುಜ ಕೊಟ್ಟು ಇನ್ನೂ ಜೋರಾಗಿ ಒತ್ತಿದೆ. ಏನೋ ಮುರಿದ ಸದ್ದು ಮರದ ಮೂಲಕ ನನ್ನ ಭುಜಕ್ಕೆ ತಾಗಿತು.

ಜೀವನ್ ಸ್ನಾನದ ಮನೆಯಿಂದ ಓಡಿಬಂದು ನನ್ನನ್ನು ಕಿತ್ತು ಎಸೆದ. ಬಾಗಿಲು ತೆರೆದ. ಅವಳ ಎರಡು ಬೆರಳು ಹಿಂದಕ್ಕೆ ಮಡಚಿಕೊಂಡಿದ್ದವು. ಒದ್ದೆ ಟವೆಲ್ಲಿನಲ್ಲಿ ಕೈ ಸುತ್ತಿ, ಬನಿಯನ್ನಿನಲ್ಲೇ ಸ್ಕೂಟರ್ ಮೇಲೆ ಕೂರಿಸಿಕೊಂಡು ದೊಡ್ಡಾಸ್ಪತ್ರೆಗೆ ಹೋದ. ಸಂಜೆ ಬಂದ.

"ಅಲ್ಲಿ ಏನೂ ಕೇಳಲಿಲ್ಲ ಕಣೇ. ಕೂರಿಸಿ ಕಟ್ಟು ಹಾಕಿದರು" ಎಂದ. ಆಮೇಲೆ ಕೇಳಿದ, "ಜಾಸ್ಮಿನ್, ಅವನು ನಿನ್ನ ಮೇಲೆ ಬಿದ್ದು ಕಾಪಾಡಿದ ಅಂತ ನೀನೇ ನನಗೆ ಟೈಪ್ ಮಾಡಿ ತೋರಿಸಿದ್ದೆ. ವಾರ್ಡಿನಲ್ಲಿ. ನಾನು ಅತ್ತಿದ್ದೆ."

ಆಗ ಔಷಧದ ಮತ್ತಿನಲ್ಲಿದ್ದೆ, ಏನು ಬರೆದೆನೋ ಎಂದೆ.

ಅವನು ನನ್ನ ಮುಖವನ್ನೇ ನೋಡಿದ. ಗಾಯದ ಕಡೆ ಅಲ್ಲ, ಇನ್ನೊಂದು ಕಡೆ.

ಆಗಸ್ಟ್ 17

ಜೀವನ್ ಕಾರ್ಖಾನೆಯ ಗೆಸ್ಟ್ ಹೌಸಿಗೆ ಹೋಗಿದ್ದಾನೆ. ಸ್ವಲ್ಪ ದಿನ ಎಂದ. ಬಾಗಿಲ ಚೌಕಟ್ಟು ಒರೆಸಿದೆ.

ಆಗಸ್ಟ್ 21

ಇವತ್ತು ಸೆಂದಿಲ್ ಜಾಮೀನು ಅರ್ಜಿಯ ವಿಚಾರಣೆ. ವಿರೋಧಿಸಲು ನಾನು ಇದ್ದರೆ ಒಳ್ಳೆಯದೆಂದು ಎಸ್.ಐ. ಸೆಲ್ವಕುಮಾರ್ ಕರೆಸಿದ್ದರು. ಕೋರ್ಟಿನ ವರಾಂಡದಲ್ಲಿ ಕಲ್ಲುಬೆಂಚಿನ ಮೇಲೆ ಕೂತಿದ್ದೆ. ದೂರದಲ್ಲಿ ಲಿಂಗಸಾಮಿ ಕಿವಿಗೆ ಪಟ್ಟಿ ಕಟ್ಟಿಕೊಂಡು ಚಿನ್ನತಾಯಿಯ ಪಕ್ಕ ನಿಂತಿದ್ದರು. ಅವಳ ಕೈ ಬಿಳಿ ಮೂಟೆಯಂತಿತ್ತು. ಅದರ ಬಗ್ಗೆ ಅವಳು ದೂರು ಕೊಟ್ಟಿಲ್ಲ. ಕೊಡುವುದಕ್ಕೆ ಮುಖ ಬೇಕಲ್ಲ.

ವ್ಯಾನಿನಿಂದ ಸೆಂದಿಲ್‌ನನ್ನು ಇಳಿಸಿದರು. ಮುದುಕನ ಹಾಗೆ ಬಾಗಿ ನಡೆಯುತ್ತಿದ್ದ. ಒಂದು ಕಣ್ಣು ಊದಿ ಮುಚ್ಚಿಕೊಂಡಿತ್ತು. ಒಳಗೂ ಯಾರೋ ಬಡಿದಿರಬೇಕು. ನನ್ನ ಬೆಂಚಿನ ಮುಂದೆ ಹಾಯುವಾಗ ನಿಂತುಬಿಟ್ಟ. ಪೇದೆ ಅವನ ಬೇಡಿಯನ್ನು ಜಗ್ಗಿದ. ಅವನು ಆ ಒಂದೇ ಕಣ್ಣಿನಿಂದ ನನ್ನ ದವಡೆಯನ್ನು ನೋಡಿ ಮೆಲ್ಲಗೆ ಕೇಳಿದ:

"ಅಕ್ಕಾ, ಈಗ ಅಗಿಯಕ್ಕಾಗ್ತದಾ?"

ಪೇದೆಗೆ ಅರ್ಥವಾಗಲಿಲ್ಲ. ಸೆಲ್ವಕುಮಾರ್‌ಗೂ ಆಗಲಿಲ್ಲ. "ಎನ್ನಮ್ಮಾ ಸೊನ್ನಾನ್? ಏನಂದ ನಿಮ್ಮ ಭಾಷೆಯಲ್ಲಿ?" ಎಂದು ಓಡಿಬಂದರು. ವರಾಂಡದ ಆ ತುದಿಯಲ್ಲಿದ್ದ ತಾಯಿಗೆ ಕೇಳಿಸುವಷ್ಟು ದೊಡ್ಡದಾಗಿ ಅವನು ಹೇಳಿರಲಿಲ್ಲ.

ಎಲ್ಲರೂ ನನ್ನನ್ನೇ ನೋಡುತ್ತಿದ್ದರು.

"ಹೊರಗೆ ಬಂದ ಮೇಲೆ ನೋಡ್ಕೊಳ್ತೀನಿ ಅಂದ" ಎಂದು ತಮಿಳಿನಲ್ಲಿ ಹೇಳಿದೆ.

ಸೆಂದಿಲ್‌ಗೆ ತಮಿಳು ಗೊತ್ತು. ನಾನು ಹೇಳಿದ್ದು ಅವನಿಗೆ ಚೆನ್ನಾಗಿ ಅರ್ಥವಾಯಿತು. ಪೇದೆ ಅವನ ಕುತ್ತಿಗೆಗೆ ಒಂದು ಕೊಟ್ಟು ಮುಂದಕ್ಕೆ ದೂಡಿದ. ಬೆನ್ನಿನ ನೋವಿಗೋ ಏನೋ ಮಂಡಿ ಕುಸಿದು ಬಿದ್ದ. ಎತ್ತಿ ಎಳೆದುಕೊಂಡು ಹೋದರು.

ನಾನು ಸುಳ್ಳು ಹೇಳಲಿಲ್ಲ. ಅಂಥವನು ಅಂಥ ಜಾಗದಲ್ಲಿ ನಿಂತು ಅಷ್ಟು ಮೆಲ್ಲಗೆ ಹಾಗೆ ಕೇಳಿದರೆ, ಅದು ಬೆದರಿಕೆಯಲ್ಲದೆ ಇನ್ನೇನು?

ಸರ್ಕಾರಿ ವಕೀಲರು ಅದನ್ನೇ ಎತ್ತಿ ಹೇಳಿದರು. ಜಾಮೀನು ಸಿಗಲಿಲ್ಲ. ಡಾಕ್ಟರ್ ದಿವಾಕರ್ ಫೋನ್ ಮಾಡಿ ಅಭಿನಂದಿಸಿದರು. ಮೊದಲ ರಿಂಗಿಗೇ ಎತ್ತಿದೆ.

ಮನೆಗೆ ಬಂದಾಗ ತುಂಬ ಹಸಿವಾಗಿತ್ತು. ದವಡೆ ಮುರಿದ ಮೇಲೆ ಮೊದಲ ಸಲ ಚಪಾತಿ ಮಾಡಿಕೊಂಡೆ. ದಪ್ಪಗೆ ಎರಡು. ಮೆಲ್ಲಗೆ, ಬಲಗಡೆಯಿಂದ ಅಗಿದೆ.

ಆಗುತ್ತದೆ. ಏನೂ ನೋವಾಗಲಿಲ್ಲ.